ವಿಚ್ಛೇದನದ ನಂತರ ಮಕ್ಕಳ ಸುಪರ್ದಿ ಮತ್ತು ಜೀವನಾಂಶ: ಅಗಳಿ, ಮಡಕಶಿರಾ, ರಾಯದುರ್ಗದ ಗಡಿಸೀಮೆ

ದಂಪತಿ ಬೇರೆಯಾದ ಮೇಲೆ ಹದಿನೆಂಟು ತುಂಬದ ಮಗು ಯಾರ ಬಳಿ ಬೆಳೆಯಬೇಕು, ಇನ್ನೊಬ್ಬರು ಅದನ್ನು ಯಾವಾಗ ಕಾಣಬಹುದು, ಅದರ ಊಟ, ಬಟ್ಟೆ, ಓದು, ಔಷಧಿಯ ಖರ್ಚನ್ನು ಯಾರು ಎಷ್ಟು ಹೊರಬೇಕು ಎಂಬುದನ್ನು ಭಾರತದ ನ್ಯಾಯಾಲಯಗಳು ಮಗುವಿನ ಕ್ಷೇಮವೆಂಬ ಒಂದೇ ಅಳತೆಯಿಂದ ತೀರ್ಮಾನಿಸುತ್ತವೆ. ಕಾನೂನಿನಲ್ಲಿ ಪಾಲಕತ್ವ ಬೇರೆ, ಸುಪರ್ದಿ ಬೇರೆ. ಮಗುವಿನ ಆಸ್ತಿ, ಶಾಲೆ, ಪಾಸ್‌ಪೋರ್ಟು, ಶಸ್ತ್ರಚಿಕಿತ್ಸೆ ಮುಂತಾದ ವಿಷಯಗಳಲ್ಲಿ ಅದರ ಪರವಾಗಿ ನಿರ್ಧರಿಸಿ ಸಹಿ ಹಾಕುವ ಅಧಿಕಾರ ಪಾಲಕತ್ವ. ದಿನನಿತ್ಯ ಜೊತೆಗಿಟ್ಟುಕೊಂಡು ಸಾಕುವುದು ಸುಪರ್ದಿ. ಎರಡೂ ಒಬ್ಬರಲ್ಲೇ ಇರಬೇಕೆಂದಿಲ್ಲ. ಜೀವನಾಂಶದ ಹೊಣೆಯಂತೂ ಇವೆರಡನ್ನೂ ಅವಲಂಬಿಸಿಲ್ಲ. ಮಗು ತನ್ನ ಬಳಿ ಇಲ್ಲ ಎಂಬ ಕಾರಣಕ್ಕೆ ಯಾವ ತಂದೆಯೂ ಯಾವ ತಾಯಿಯೂ ಅದರಿಂದ ಬಿಡುಗಡೆ ಪಡೆಯಲಾರರು.

ಆಂಧ್ರಪ್ರದೇಶದ ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ, ಮಡಕಶಿರಾ ಮಂಡಲಗಳಲ್ಲಿಯೂ ಅವಕ್ಕೆ ಉತ್ತರದ ರಾಯದುರ್ಗದ ಸೀಮೆಯಲ್ಲಿಯೂ ಈ ಕಾನೂನು ಬೇರೆ ಕಡೆಗಿಂತ ಹೆಚ್ಚು ತೊಡಕಾಗುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ಹೆಚ್ಚಿನ ಭಾಗ ಮೈಸೂರಿಗೆ ಬಂದರೂ ರಾಯದುರ್ಗ ಆಂಧ್ರದಲ್ಲೇ ಉಳಿದು ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಅದಕ್ಕೂ ಮೊದಲೇ ಅನಂತಪುರದ ತಾಲ್ಲೂಕಾಗಿತ್ತು. 2022ರ ಏಪ್ರಿಲ್‌ನಿಂದ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ರಾಜ್ಯದ ಗೆರೆ ಬಿದ್ದರೂ ನೆಂಟಸ್ತಿಕೆ ನಿಲ್ಲಲಿಲ್ಲ. ಹೆಣ್ಣು ಕೊಡುವುದು, ತರುವುದು ಶಿರಾ, ಮಧುಗಿರಿ, ಪಾವಗಡ, ಹಿರಿಯೂರು, ಮೊಳಕಾಲ್ಮುರು, ಬಳ್ಳಾರಿ ಕಡೆಗೆಲ್ಲ ನಡೆದೇ ಇದೆ. ಆದ್ದರಿಂದ ಸಂಸಾರ ಮುರಿದಾಗ ತಾಯಿ ಒಂದು ರಾಜ್ಯದಲ್ಲಿ, ತಂದೆ ಇನ್ನೊಂದರಲ್ಲಿ ಉಳಿಯುವುದು ಇಲ್ಲಿ ಅಪರೂಪವಲ್ಲ. ಕೂಲಿಗೆ, ಗಾರ್ಮೆಂಟ್ಸ್ ಕೆಲಸಕ್ಕೆ ಬೆಂಗಳೂರು ಸೇರಿದವರ ಮಕ್ಕಳು ಅಜ್ಜಿಯ ಮನೆಯಲ್ಲಿ ಬೆಳೆಯುವುದೂ ಉಂಟು.

ಪಂಚಾಯ್ತಿ ಕಟ್ಟೆಯಿಂದ ಕೋರ್ಟಿಗೆ

ಹಿಂದೆ ಈ ಸೀಮೆಯ ಅನೇಕ ಸಮುದಾಯಗಳಲ್ಲಿ ದಾಂಪತ್ಯದ ಬಿಡುಗಡೆಯನ್ನು ಕುಲದ ಹಿರಿಯರು ಕಟ್ಟೆಯ ಮೇಲೆ ಕೂತು ತೀರ್ಮಾನಿಸುತ್ತಿದ್ದರು. ತೆರದ ಹಣ, ಒಡವೆ, ಮದುವೆಯ ಖರ್ಚಿನ ಲೆಕ್ಕ ಅಲ್ಲಿ ಮೊದಲು ಬರುತ್ತಿತ್ತು. ಮಗು ತಂದೆಯ ಮನೆತನದ್ದು ಎಂಬುದು ಚರ್ಚೆಯೇ ಇಲ್ಲದ ನಂಬಿಕೆ. ಮೊಲೆ ಬಿಡದ ಕೂಸು ತಾಯಿಯ ಬಳಿ ಇದ್ದು, ಓಡಾಡುವಷ್ಟಾದ ಮೇಲೆ ತಂದೆಯ ಮನೆ ಸೇರಬೇಕು. ತಾಯಿ ಕೂಡಿಕೆಯಾಗಿ, ಅಂದರೆ ಮರುಮದುವೆಯಾಗಿ ಹೋದರೆ ಮಕ್ಕಳನ್ನು ಬಿಟ್ಟೇ ಹೋಗಬೇಕು. ಮಗುವಿಗೆ ಏನು ಬೇಕು ಎಂದು ಕೇಳುವ ರೂಢಿ ಆ ವ್ಯವಸ್ಥೆಯಲ್ಲಿ ಇರಲಿಲ್ಲ. ಅದರ ದೊಡ್ಡ ಕೊರತೆ ಅದೇ.

ಬರೆದ ಕಾನೂನಿನ ಮೂಲಕ ವಿಚ್ಛೇದನ ಈ ಭಾಗಕ್ಕೆ ಬಂದದ್ದು ಆಗ ಅದು ಸೇರಿದ್ದ ಮದ್ರಾಸ್ ಪ್ರಾಂತ್ಯದ 1949ರ ಹಿಂದೂ ದ್ವಿಪತ್ನಿತ್ವ ನಿಷೇಧ ಮತ್ತು ವಿಚ್ಛೇದನ ಕಾಯ್ದೆಯಿಂದ. ಧಾರವಾಡ, ಬೆಳಗಾವಿ ಕಡೆಯ ಕನ್ನಡಿಗರಿಗೆ ಮುಂಬಯಿ ಪ್ರಾಂತ್ಯದ 1947ರ ಕಾಯ್ದೆ ಅನ್ವಯಿಸುತ್ತಿತ್ತು. 1955ರ ಹಿಂದೂ ವಿವಾಹ ಕಾಯ್ದೆ ಇವೆಲ್ಲವನ್ನೂ ತೆಗೆದು ದೇಶಕ್ಕೆ ಒಂದೇ ನಿಯಮ ತಂದಿತು. ಆದರೂ ಆ ಕಾಯ್ದೆಯ 29ನೇ ಕಲಂ ರೂಢಿಯ ಬಿಡುಗಡೆಯನ್ನು ಉಳಿಸಿಕೊಂಡಿದೆ: ಅಂಥ ರೂಢಿ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ಇದೆ ಎಂದು ಸಾಕ್ಷ್ಯದಿಂದ ತೋರಿಸಿದರೆ ಅದಕ್ಕೆ ಮಾನ್ಯತೆ ಉಂಟು. ಛಾಪಾ ಕಾಗದದ ಮೇಲೆ ಬರೆಸಿ ಇಬ್ಬರೂ ಹೆಬ್ಬೆಟ್ಟು ಒತ್ತಿದ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ. ಅದೇ ಕಾಗದದಲ್ಲಿ ‘ಮಗುವಿನ ಮೇಲೆ ಮುಂದೆ ಹಕ್ಕು ಕೇಳುವುದಿಲ್ಲ, ಜೀವನಾಂಶವೂ ಬೇಡ’ ಎಂದು ಬರೆಸಿಕೊಂಡಿದ್ದರೆ ಆ ಸಾಲು ಮಗುವನ್ನು ಕಟ್ಟಿಹಾಕುವುದಿಲ್ಲ. ತನ್ನ ಪಾಲಿನ ಜೀವನಾಂಶವನ್ನು ತಾಯಿ ಬಿಟ್ಟುಕೊಡಬಹುದು. ಮಗುವಿನದನ್ನು ಬಿಟ್ಟುಕೊಡುವ ಅಧಿಕಾರ ಆಕೆಗೂ ಇಲ್ಲ, ಪಂಚರಿಗೂ ಇಲ್ಲ.

ಕಾನೂನಿನ ನೆಲೆ

ಸುಪರ್ದಿಯ ಮೂಲ ಕಾನೂನು 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆ. ಎಲ್ಲ ಧರ್ಮದವರಿಗೂ ಅನ್ವಯಿಸುವ ಈ ಕಾಯ್ದೆಯ 17ನೇ ಕಲಂ, ಮಗುವಿನ ವಯಸ್ಸು, ಲಿಂಗ, ಧರ್ಮ, ಪಾಲಕರ ನಡತೆ, ಸಾಮರ್ಥ್ಯ, ರಕ್ತಸಂಬಂಧದ ಸಾಮೀಪ್ಯ ಇವನ್ನೆಲ್ಲ ನೋಡಬೇಕೆನ್ನುತ್ತದೆ. ತಿಳಿದು ಹೇಳುವಷ್ಟು ದೊಡ್ಡದಾದ ಮಗುವಿನ ಇಷ್ಟವನ್ನೂ ಕೇಳಬಹುದೆನ್ನುತ್ತದೆ. ಹಿಂದೂಗಳಿಗೆ ಇದರ ಜೊತೆಗೆ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಇದೆ. ಅದರ 6ನೇ ಕಲಂ ಸಹಜ ಪಾಲಕರನ್ನು ಹೆಸರಿಸುವಾಗ ತಂದೆಯನ್ನು ಮೊದಲು, ಅವನ ನಂತರ ತಾಯಿಯನ್ನು ಹೇಳಿ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕೆಂದು ಸೇರಿಸುತ್ತದೆ. 13ನೇ ಕಲಂ ಪ್ರಕಾರ ಮಗುವಿನ ಕ್ಷೇಮವೇ ಪರಮ; ಉಳಿದ ಯಾವ ಹಕ್ಕೂ ಅದರ ಮುಂದೆ ನಿಲ್ಲುವುದಿಲ್ಲ. ತಾಯಿಯನ್ನು ಎರಡನೆಯ ಸ್ಥಾನಕ್ಕೆ ತಳ್ಳುವ ಮಾತನ್ನು ಲೇಖಕಿ ಗೀತಾ ಹರಿಹರನ್ ಪ್ರಶ್ನಿಸಿದಾಗ, 1999ರಲ್ಲಿ ಸುಪ್ರೀಂ ಕೋರ್ಟ್ ತಂದೆ ಬದುಕಿರುವಾಗಲೂ ಅವನು ಮಗುವಿನ ಹೊಣೆ ಹೊರದೆ ದೂರವಿದ್ದರೆ ತಾಯಿಯೇ ಸಹಜ ಪಾಲಕಿ ಎಂದು ತೀರ್ಪಿತ್ತಿತು. ಬ್ಯಾಂಕು, ಶಾಲೆ, ಸರ್ಕಾರಿ ಕಚೇರಿಗಳಲ್ಲಿ ತಾಯಂದಿರ ಸಹಿಗೆ ಬೆಲೆ ಬರುವುದಕ್ಕೆ ಈ ತೀರ್ಪು ದಾರಿ ಮಾಡಿತು.

ವಿಚ್ಛೇದನದ ಮೊಕದ್ದಮೆ ನಡೆಯುತ್ತಿರುವಾಗ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅಡಿಯಲ್ಲಿ ಅದೇ ನ್ಯಾಯಾಲಯ ಮಕ್ಕಳ ಸುಪರ್ದಿ, ಪಾಲನೆ, ಓದಿನ ಬಗ್ಗೆ ಮಧ್ಯಂತರ ಆದೇಶ ಕೊಡಬಹುದು. ತೀರ್ಪಿನ ನಂತರವೂ ಅದನ್ನು ಬದಲಿಸಬಹುದು. ವಿಶೇಷ ವಿವಾಹ ಕಾಯ್ದೆಯಲ್ಲಿ 38ನೇ ಕಲಂ, ಕ್ರೈಸ್ತರ 1869ರ ವಿಚ್ಛೇದನ ಕಾಯ್ದೆಯಲ್ಲಿ 41ರಿಂದ 44ರವರೆಗಿನ ಕಲಮುಗಳು ಇದೇ ಕೆಲಸ ಮಾಡುತ್ತವೆ. ಮುಸ್ಲಿಮರಲ್ಲಿ ಎಳೆಯ ಮಕ್ಕಳನ್ನು ತಾಯಿ ಸಾಕುವ ಹಕ್ಕಿಗೆ ಹಿಜಾನತ್ ಎನ್ನುತ್ತಾರೆ. ಅಲ್ಲಿಯೂ ಕೋರ್ಟಿನ ಮುಂದೆ ಕೊನೆಯ ಮಾತು ಮಗುವಿನ ಕ್ಷೇಮದ್ದೇ. ಮನೆಯಲ್ಲಿ ಹಿಂಸೆ ಅನುಭವಿಸಿದ ಹೆಣ್ಣುಮಗಳಿಗೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 21ನೇ ಕಲಂ ಮಕ್ಕಳ ತಾತ್ಕಾಲಿಕ ಸುಪರ್ದಿಯನ್ನು ಬೇಗ ಕೊಡಿಸುತ್ತದೆ.

1984ರ ಕುಟುಂಬ ನ್ಯಾಯಾಲಯ ಕಾಯ್ದೆಯಂತೆ ಕುಟುಂಬ ನ್ಯಾಯಾಲಯವಿರುವ ಕಡೆ ಇವೆಲ್ಲ ಒಂದೇ ಸೂರಿನಡಿ ನಡೆಯುತ್ತವೆ. ಅಲ್ಲಿ ನ್ಯಾಯಾಧೀಶರು ಮೊದಲು ರಾಜಿಗೆ ಯತ್ನಿಸಬೇಕು, ವಕೀಲರ ಹಾಜರಿ ಪಕ್ಷಗಾರರ ಹಕ್ಕಲ್ಲ, ಮೇಲ್ಮನವಿ ನೇರ ಹೈಕೋರ್ಟಿಗೆ ಹೋಗುತ್ತದೆ. ಅಂಥ ನ್ಯಾಯಾಲಯವಿಲ್ಲದ ಕಡೆ ಜೀವನಾಂಶದ ಅರ್ಜಿ ಮಡಕಶಿರಾದಂಥ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿಗೆ, ವಿಚ್ಛೇದನ ಮತ್ತು ಪಾಲಕತ್ವದ ಅರ್ಜಿ ಮೇಲಿನ ಸಿವಿಲ್ ಅಥವಾ ಜಿಲ್ಲಾ ನ್ಯಾಯಾಲಯಕ್ಕೆ ಎಂದು ಎರಡು ಕಡೆ ಅಲೆಯಬೇಕಾಗುತ್ತದೆ.

ಕ್ಷೇಮವನ್ನು ಅಳೆಯುವ ಬಗೆ

ನ್ಯಾಯಾಲಯ ಮೊದಲು ನೋಡುವುದು ಮಗು ಈಗ ಎಲ್ಲಿದೆ, ಯಾರ ಕೈಯಲ್ಲಿ ಉಣ್ಣುತ್ತಿದೆ, ಯಾವ ಶಾಲೆಗೆ ಹೋಗುತ್ತಿದೆ ಎಂಬುದನ್ನು. ನೆಲೆನಿಂತ ಮಗುವನ್ನು ಕೀಳಬಾರದೆಂಬ ಎಚ್ಚರ ಇದರ ಹಿಂದಿದೆ. ಅಗಳಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಿರುವ ಹುಡುಗಿಯನ್ನು ಅನಂತಪುರದ ತೆಲುಗು ಮಾಧ್ಯಮ ಶಾಲೆಗೋ ಬೆಂಗಳೂರಿನ ಇಂಗ್ಲಿಷ್ ಶಾಲೆಗೋ ಒಯ್ದರೆ ಅವಳಿಗೆ ಮನೆಯ ಜೊತೆಗೆ ಪಾಠದ ಭಾಷೆಯೂ ಬದಲಾಗುತ್ತದೆ. ಗಡಿಯ ಪ್ರಕರಣಗಳಲ್ಲಿ ಈ ಅಂಶವನ್ನು ವಕೀಲರು ಅರ್ಜಿಯಲ್ಲಿ ಬಿಡಿಸಿ ಬರೆಯಲೇಬೇಕು. ಬರೆಯದಿದ್ದರೆ ದೂರದ ಕೋರ್ಟಿಗೆ ಅದು ಹೊಳೆಯುವುದಿಲ್ಲ.

ಹಣವಂತಿಕೆ ಒಂದೇ ಸುಪರ್ದಿ ಕೊಡಿಸುವುದಿಲ್ಲ. ಬಡ ತಾಯಿಯ ಬಳಿ ಇರುವ ಮಗುವಿಗೆ ದುಡಿಯುವ ತಂದೆ ಹಣ ಕೊಡಲಿ ಎಂಬುದಕ್ಕೇ ಜೀವನಾಂಶದ ವ್ಯವಸ್ಥೆ ಇರುವುದು. ತಾಯಿ ಮರುಮದುವೆಯಾದಳೆಂಬುದು ಅವಳಿಂದ ಮಗುವನ್ನು ಕಸಿಯಲು ಸಾಕಾದ ಕಾರಣವಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಸ್ಪಷ್ಟಪಡಿಸಿದೆ. ಗಂಡ ಹೆಂಡತಿ ಪರಸ್ಪರ ಹೊರಿಸುವ ನಡತೆಯ ಆರೋಪಗಳೂ ಮಗುವಿನ ಮೇಲೆ ಅವುಗಳ ಪರಿಣಾಮ ತೋರಿಸಿದಾಗ ಮಾತ್ರ ತೂಕ ಪಡೆಯುತ್ತವೆ. ಕುಡಿದು ಹೊಡೆಯುವುದು, ಮಗುವನ್ನು ಶಾಲೆ ಬಿಡಿಸಿ ದುಡಿಮೆಗೆ ಹಚ್ಚುವುದು, ಒಬ್ಬರ ಮೇಲೆ ಇನ್ನೊಬ್ಬರು ಮಗುವಿನ ಮನಸ್ಸು ಕೆಡಿಸುವುದು ಗಂಭೀರವಾಗಿ ಪರಿಗಣಿತವಾಗುತ್ತವೆ.

ಮಗುವಿನ ಮಾತನ್ನು ನ್ಯಾಯಾಧೀಶರು ತೆರೆದ ಕೋರ್ಟಿನಲ್ಲಿ ಕೇಳುವುದಿಲ್ಲ. ತಮ್ಮ ಕೋಣೆಗೆ ಕರೆಸಿ, ತಂದೆ ತಾಯಿ ಇಬ್ಬರನ್ನೂ ಹೊರಗಿರಿಸಿ, ಶಾಲೆಯಲ್ಲಿ ಯಾರು ಗೆಳತಿಯರು, ರಾತ್ರಿ ಯಾರ ಪಕ್ಕ ಮಲಗುತ್ತೀಯ, ಜ್ವರ ಬಂದಾಗ ಯಾರು ಆಸ್ಪತ್ರೆಗೆ ಕರೆದೊಯ್ದರು ಎಂದು ಮಾತಿಗೆಳೆಯುತ್ತಾರೆ. ಅಪ್ಪ ಬೇಕೋ ಅಮ್ಮ ಬೇಕೋ ಎಂದು ನೇರ ಕೇಳುವುದು ಮಗುವಿಗೆ ಕ್ರೌರ್ಯ. ಹೇಳಿಕೊಟ್ಟ ಮಾತು ಬೇಗ ಗೊತ್ತಾಗುತ್ತದೆ. ಹಲವು ತಿಂಗಳು ಒಬ್ಬರ ಮನೆಯಲ್ಲೇ ಇದ್ದ ಮಗು ಅವರ ಪರ ಮಾತಾಡುವುದು ಸಹಜವೆಂದೂ ನ್ಯಾಯಾಲಯಗಳು ಬಲ್ಲವು. ಮನೆಮಾತು ಕನ್ನಡವಾಗಿರುವ ಮಗುವಿನ ಜೊತೆ ತೆಲುಗಿನಲ್ಲಿ ಮಾತಾಡಬೇಕಾಗಿ ಬಂದಾಗ ಅರ್ಥದ ಜೊತೆಗೆ ಸಲುಗೆಯೂ ಕಡಿಮೆಯಾಗುತ್ತದೆ. ಕನ್ನಡ ಬಲ್ಲ ಆಪ್ತಸಲಹೆಗಾರರ ನೆರವನ್ನು ಅರ್ಜಿ ಹಾಕಿ ಕೇಳುವುದು ಆಗ ಒಳ್ಳೆಯದು.

ಮೊಕದ್ದಮೆ ವರ್ಷಗಟ್ಟಲೆ ಎಳೆಯುವುದರಿಂದ ಮಧ್ಯಂತರ ಆದೇಶವೇ ಬಹಳ ಸಲ ಕೊನೆಯ ಆದೇಶದಂತೆ ಆಗುತ್ತದೆ. ಮೊದಲ ಕೆಲವು ತಿಂಗಳು ಮಗುವನ್ನು ಇಟ್ಟುಕೊಂಡವರಿಗೆ ‘ನೆಲೆನಿಂತ ಮಗು’ ಎಂಬ ವಾದ ತಾನಾಗಿ ದಕ್ಕುತ್ತದೆ. ಹಬ್ಬಕ್ಕೆಂದು ಕರೆದೊಯ್ದು ವಾಪಸು ಕಳಿಸದಿರುವುದು, ಶಾಲೆಯ ಗೇಟಿನಿಂದಲೇ ಎತ್ತಿಕೊಂಡು ಹೋಗುವುದು ಇದಕ್ಕಾಗಿಯೇ ನಡೆಯುತ್ತವೆ. ತಡಮಾಡದೆ ಮಧ್ಯಂತರ ಅರ್ಜಿ ಹಾಕುವುದೊಂದೇ ಇದಕ್ಕೆ ಪರಿಹಾರ.

ಸುಪರ್ದಿ ಸಿಗದವರಿಗೆ ಭೇಟಿಯ ಹಕ್ಕು ಇರುತ್ತದೆ. ಆದೇಶ ಸಾಮಾನ್ಯವಾಗಿ ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದು, ದಸರಾ ಮತ್ತು ಬೇಸಿಗೆ ರಜೆಯ ಅರ್ಧ ಭಾಗ, ವಾರಕ್ಕೆ ಇಷ್ಟು ಸಲ ವಿಡಿಯೊ ಕರೆ ಎಂಬ ರೀತಿಯಲ್ಲಿರುತ್ತದೆ. ಮಗುವನ್ನು ಒಪ್ಪಿಸುವ ಜಾಗವನ್ನೂ ಬರೆಸಿಕೊಳ್ಳುವುದು ಜಾಣತನ: ಅತ್ತೆಮನೆಯ ಬಾಗಿಲಲ್ಲಿ ಒಪ್ಪಿಸುವಾಗ ಜಗಳವಾಗುತ್ತದೆ, ಬಸ್ ನಿಲ್ದಾಣ, ಶಾಲೆ ಅಥವಾ ಕೋರ್ಟಿನ ಆವರಣದಲ್ಲಿ ಕಡಿಮೆ. ಜೀವನಾಂಶ ಕೊಟ್ಟಿಲ್ಲವೆಂದು ಭೇಟಿ ತಡೆಯುವುದೂ ಭೇಟಿ ಕೊಡಲಿಲ್ಲವೆಂದು ಜೀವನಾಂಶ ನಿಲ್ಲಿಸುವುದೂ ಎರಡೂ ತಪ್ಪು. ಹಾಗೆಯೇ ಪಾಲಕರಾಗಿ ನೇಮಕಗೊಂಡವರು ಕೋರ್ಟಿನ ಅನುಮತಿಯಿಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಒಯ್ಯುವಂತಿಲ್ಲವೆಂದು 1890ರ ಕಾಯ್ದೆಯ 26ನೇ ಕಲಂ ಹೇಳುತ್ತದೆ.

ಇಬ್ಬರೂ ಹಂಚಿಕೊಂಡು ಸಾಕುವ ಜಂಟಿ ಸುಪರ್ದಿಗೆ ಭಾರತದ ಕಾಯ್ದೆಗಳಲ್ಲಿ ಇನ್ನೂ ಸ್ಪಷ್ಟ ಜಾಗವಿಲ್ಲ. ಆದರೂ 2013ರಲ್ಲಿ ಕರ್ನಾಟಕ ಹೈಕೋರ್ಟಿನ ಇಬ್ಬರು ನ್ಯಾಯಾಧೀಶರ ಪೀಠವೊಂದು ಜನವರಿಯಿಂದ ಜೂನ್‌ವರೆಗೆ ಮಗು ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಇರಲಿ, ಓದಿನ ಖರ್ಚನ್ನು ಇಬ್ಬರೂ ಸಮನಾಗಿ ಹೊರಲಿ, ಶನಿವಾರ ಭಾನುವಾರ ಇನ್ನೊಬ್ಬರು ಬಂದು ನೋಡಲಿ ಎಂದು ಆದೇಶಿಸಿತು. ಕಾನೂನು ಆಯೋಗ 2015ರ ಮೇ ತಿಂಗಳಿನ ತನ್ನ 257ನೇ ವರದಿಯಲ್ಲಿ ಈ ತೀರ್ಪನ್ನು ಉಲ್ಲೇಖಿಸಿ ಜಂಟಿ ಸುಪರ್ದಿಯನ್ನು ಕಾಯ್ದೆಗೆ ಸೇರಿಸಲು ಶಿಫಾರಸು ಮಾಡಿತು. ಒಂದೇ ನಗರದಲ್ಲಿ ಹತ್ತಿರ ವಾಸಿಸುವ, ಪರಸ್ಪರ ಮಾತಾಡಬಲ್ಲ ತಂದೆ ತಾಯಿಗೆ ಇದು ಒಗ್ಗೀತು. ವರ್ಷದ ಮಧ್ಯೆ ಶಾಲೆ ಬದಲಿಸಬೇಕಾದ ಹಳ್ಳಿ ಮಗುವಿಗೆ ಆರಾರು ತಿಂಗಳ ಹಂಚಿಕೆ ಹೊಂದುವುದಿಲ್ಲ.

ಜೀವನಾಂಶ

ಮಗುವಿನ ಜೀವನಾಂಶಕ್ಕೆ ಹೆಚ್ಚು ಬಳಕೆಯಾಗುತ್ತಿದ್ದ ದಾರಿ 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಇದೆ. ಧರ್ಮ ಯಾವುದಾದರೂ, ಮದುವೆಯಾಗದವರ ಮಗುವಾದರೂ ಇದು ಅನ್ವಯಿಸುತ್ತದೆ. ತಿಂಗಳಿಗೆ 500 ರೂಪಾಯಿ ಮೀರಬಾರದೆಂಬ ಹಳೆಯ ಮಿತಿಯನ್ನು 2001ರಲ್ಲಿ ತೆಗೆದುಹಾಕಲಾಯಿತು. ನೋಟಿಸು ತಲುಪಿದ 60 ದಿನಗಳೊಳಗೆ ಮಧ್ಯಂತರ ಅರ್ಜಿಯನ್ನು ಆದಷ್ಟೂ ಮುಗಿಸಬೇಕೆಂಬ ಮಾತು ಆಗ ಸೇರಿತು. ಹಿಂದೂಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಇನ್ನೂ ವಿಶಾಲ: ಹೊಣೆ ತಂದೆ ತಾಯಿ ಇಬ್ಬರದೂ, ತನ್ನನ್ನು ತಾನು ಸಾಕಿಕೊಳ್ಳಲಾಗದ ಅವಿವಾಹಿತ ಮಗಳಿಗೆ ಹದಿನೆಂಟರ ನಂತರವೂ ಹಕ್ಕುಂಟು. ಮುಸ್ಲಿಂ ಮಕ್ಕಳ ಜೀವನಾಂಶವನ್ನು ವಿಚ್ಛೇದಿತ ಮುಸ್ಲಿಂ ಮಹಿಳೆಯರ ಕುರಿತ 1986ರ ಕಾಯ್ದೆ ಎರಡು ವರ್ಷಕ್ಕೆ ಸೀಮಿತಗೊಳಿಸಿಲ್ಲ, ಪ್ರಾಪ್ತ ವಯಸ್ಸಿನವರೆಗೂ ತಂದೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 1997ರಲ್ಲಿ ತೀರ್ಮಾನಿಸಿತು.

ಎಷ್ಟು ಕೊಡಬೇಕೆಂಬುದಕ್ಕೆ ಕೋಷ್ಟಕವಿಲ್ಲ. ಅನೇಕ ಪಾಶ್ಚಾತ್ಯ ದೇಶಗಳಲ್ಲಿ ಆದಾಯ ಮತ್ತು ಮಕ್ಕಳ ಸಂಖ್ಯೆಯ ಮೇಲೆ ಸೂತ್ರದಿಂದ ಮೊತ್ತ ಬರುತ್ತದೆ. ಇಲ್ಲಿ ನ್ಯಾಯಾಧೀಶರ ವಿವೇಚನೆಯೇ ಸೂತ್ರ. ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದಕ್ಕೆ ಒಂದು ಶಿಸ್ತು ತಂದಿತು. ಎರಡೂ ಕಡೆಯವರು ಆಸ್ತಿ, ಆದಾಯ, ಸಾಲ, ಖರ್ಚುಗಳ ಪ್ರಮಾಣಪತ್ರ ಸಲ್ಲಿಸಲೇಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕವಾಗಬೇಕು. ಬೇರೆ ಬೇರೆ ಕಾಯ್ದೆಗಳಡಿ ಅರ್ಜಿ ಹಾಕಿದ್ದರೆ ಮೊದಲು ಸಿಕ್ಕ ಮೊತ್ತವನ್ನು ನಂತರದ ಕೋರ್ಟಿಗೆ ತಿಳಿಸಬೇಕು.

ಸಂಬಳದಾರನ ಆದಾಯ ಸಂಬಳ ಚೀಟಿಯಲ್ಲಿ ಸಿಗುತ್ತದೆ. ರೈತನದು ಹಾಗೆ ಸಿಗುವುದಿಲ್ಲ. ಮಡಕಶಿರಾ ಕಡೆಯ ತಂದೆ ‘ಮಳೆ ಇಲ್ಲ, ಬೆಳೆ ಇಲ್ಲ’ ಎಂದಾಗ ಆತನ ಜಮೀನಿನ ದಾಖಲೆಗಳಾದ ಅಡಂಗಲ್ ಮತ್ತು 1ಬಿ ಪ್ರತಿ, ಜಮೀನು ಕರ್ನಾಟಕದಲ್ಲಿದ್ದರೆ ಪಹಣಿ, ಕೊಳವೆಬಾವಿಯ ವಿದ್ಯುತ್ ಸಂಪರ್ಕ, ಅಡಿಕೆ ತೋಟದ ಫೋಟೊ, ರೇಷ್ಮೆಗೂಡು ಮಾರುಕಟ್ಟೆಯ ರಸೀದಿ, ಹಾಲಿನ ಡೇರಿಯ ಪಾವತಿ, ಬೆಳೆಸಾಲದ ಖಾತೆ ಇವನ್ನು ಒಟ್ಟುಗೂಡಿಸಿ ತೋರಿಸಬೇಕು. ಜಮೀನು ಇನ್ನೂ ಅಜ್ಜನ ಹೆಸರಿನಲ್ಲಿರುವುದು ಸಾಮಾನ್ಯ. ಆಗ ಅನುಭವದಲ್ಲಿ ಯಾರಿದ್ದಾರೆಂಬುದಕ್ಕೆ ಸಾಕ್ಷಿ ಬೇಕಾಗುತ್ತದೆ. ಏನೂ ಇಲ್ಲದ ಕೂಲಿಕಾರನಾದರೂ ತಪ್ಪಿಸಿಕೊಳ್ಳಲಾರ. ಮೈಯಲ್ಲಿ ಶಕ್ತಿಯಿರುವ ಗಂಡು ದೈಹಿಕ ದುಡಿಮೆ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ದಿನಗೂಲಿಯ ಅಂದಾಜಿನ ಮೇಲೆ ಮೊತ್ತ ನಿಗದಿಯಾಗುತ್ತದೆ. ತಾಯಿ ದುಡಿಯುತ್ತಿದ್ದರೆ ಅವಳ ಗಳಿಕೆಯೂ ಲೆಕ್ಕಕ್ಕೆ ಬರುತ್ತದೆ. ಆದರೆ ಅವಳ ದುಡಿಮೆ ತಂದೆಯ ಪಾಲನ್ನು ಅಳಿಸುವುದಿಲ್ಲ.

ಆದೇಶ ಸಿಗುವುದಕ್ಕಿಂತ ವಸೂಲಿ ಕಷ್ಟ. ಕೊಡದಿದ್ದರೆ ಮ್ಯಾಜಿಸ್ಟ್ರೇಟರು ವಾರಂಟ್ ಹೊರಡಿಸಿ ದಂಡದಂತೆ ವಸೂಲು ಮಾಡಬಹುದು, ಬಾಕಿಯಿದ್ದ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಸೆರೆಗೆ ಕಳಿಸಬಹುದು. ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆಂಬುದನ್ನು ಮಾತ್ರ ಮರೆಯಬಾರದು. ಬಹಳ ತಾಯಂದಿರು ‘ಕೊಡುತ್ತಾನೆ’ ಎಂದು ಕಾಯುತ್ತ ಈ ಗಡುವನ್ನು ಕಳೆದುಕೊಳ್ಳುತ್ತಾರೆ. ಮಗು ದೊಡ್ಡದಾಗಿ ಖರ್ಚು ಏರಿದಾಗ ಮೊತ್ತ ಹೆಚ್ಚಿಸಲು ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಂ ಅಡಿ ಮತ್ತೆ ಕೇಳಬಹುದು.

ಗಡಿಯಾಚೆ

ಸುಪರ್ದಿಯ ಅರ್ಜಿಯನ್ನು ಮಗು ಸಾಮಾನ್ಯವಾಗಿ ವಾಸವಿರುವ ಊರಿನ ಮೇಲೆ ಅಧಿಕಾರವಿರುವ ನ್ಯಾಯಾಲಯದಲ್ಲೇ ಹಾಕಬೇಕು. ರಾತ್ರೋರಾತ್ರಿ ಅಗಳಿಯಿಂದ ಶಿರಾಕ್ಕೆ ಎತ್ತಿಕೊಂಡು ಹೋದ ಮಾತ್ರಕ್ಕೆ ಆ ವಾಸಸ್ಥಳ ಬದಲಾಗುವುದಿಲ್ಲ. ವಿಚ್ಛೇದನದ ಅರ್ಜಿಯನ್ನು ಹೆಂಡತಿ ತಾನಿರುವ ಊರಿನಲ್ಲೇ ಹಾಕಬಹುದೆಂದು 2003ರ ತಿದ್ದುಪಡಿ ಅನುಕೂಲ ಮಾಡಿಕೊಟ್ಟಿತು. ಗಂಡ ಶಿರಾದಲ್ಲಿ, ಹೆಂಡತಿ ಆಂಧ್ರದಲ್ಲಿ ಒಬ್ಬೊಬ್ಬರು ಒಂದೊಂದು ಮೊಕದ್ದಮೆ ಹೂಡಿದರೆ ಅವನ್ನು ಒಂದೇ ಕಡೆ ತರುವ ಅಧಿಕಾರ ಅಮರಾವತಿಯ ಹೈಕೋರ್ಟಿಗೂ ಇಲ್ಲ, ಬೆಂಗಳೂರಿನದಕ್ಕೂ ಇಲ್ಲ. ರಾಜ್ಯದಿಂದ ರಾಜ್ಯಕ್ಕೆ ವರ್ಗಾವಣೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಂ ಪ್ರಕಾರ ಸುಪ್ರೀಂ ಕೋರ್ಟಿನ ಕೆಲಸ. ಬಸ್ಸಿನಲ್ಲಿ ಹೋಗಿಬರಬಹುದಾದ ಎರಡು ಊರುಗಳ ನಡುವಿನ ಪ್ರಶ್ನೆಗೆ ದೆಹಲಿಯ ಬಾಗಿಲು ತಟ್ಟಬೇಕಾಗಿರುವುದು ಗಡಿನಾಡಿನ ಹೆಣ್ಣುಮಕ್ಕಳಿಗೆ ಆಗುತ್ತಿರುವ ದೊಡ್ಡ ಅನ್ಯಾಯ; ನೆರೆಯ ಜಿಲ್ಲೆಗಳ ನಡುವೆ ಸರಳ ವರ್ಗಾವಣೆಗೆ ಕಾನೂನು ಅವಕಾಶ ಮಾಡಬೇಕು. ಜೀವನಾಂಶದ ಆದೇಶಕ್ಕೆ ಈ ತೊಡಕಿಲ್ಲ. ಆಂಧ್ರದ ಮ್ಯಾಜಿಸ್ಟ್ರೇಟರು ಕೊಟ್ಟ ಆದೇಶವನ್ನು ನಾಗರಿಕ ಸುರಕ್ಷಾ ಸಂಹಿತೆಯ 147ನೇ ಕಲಂ ಅಡಿ ತಂದೆ ಇರುವ ಯಾವ ಊರಿನ ಮ್ಯಾಜಿಸ್ಟ್ರೇಟರಾದರೂ ಜಾರಿಗೊಳಿಸಬಹುದು.

ಬಾಲ್ಯವಿವಾಹದ ವಿಷಯದಲ್ಲಿ ಗಡಿಯ ಎರಡು ಬದಿಯ ಕಾನೂನೇ ಬೇರೆ. 2006ರ ಕೇಂದ್ರ ಕಾಯ್ದೆಯಂತೆ ಆಂಧ್ರದಲ್ಲಿ ಅಂಥ ಮದುವೆಯನ್ನು ಬಾಲಕಿ ಬೇಕೆಂದರೆ ರದ್ದು ಮಾಡಿಸಬಹುದು. ಕರ್ನಾಟಕದ ತಿದ್ದುಪಡಿ ಅದನ್ನು ಮೊದಲಿನಿಂದಲೇ ಅಸಿಂಧು ಎನ್ನುತ್ತದೆ. ಎರಡೂ ಕಡೆ ಹುಟ್ಟಿದ ಮಗು ಸಕ್ರಮ ಸಂತಾನವೇ. ಅದರ ಸುಪರ್ದಿ ಮತ್ತು ಜೀವನಾಂಶವನ್ನು ಅದೇ ಕಾಯ್ದೆಯ 5ನೇ ಕಲಂ ಅಡಿ ಜಿಲ್ಲಾ ನ್ಯಾಯಾಲಯ ತೀರ್ಮಾನಿಸುತ್ತದೆ.

ವಿದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಪಾಡು ಇನ್ನೊಂದು ಬಗೆಯದು. ಒಬ್ಬರು ಒಯ್ದ ಮಗುವನ್ನು ಮೂಲ ದೇಶಕ್ಕೆ ಮರಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಅಲ್ಲಿನ ಕೋರ್ಟಿನ ಸುಪರ್ದಿ ಆದೇಶ ಇಲ್ಲಿ ಪರಿಗಣಿಸಬೇಕಾದ ಒಂದು ಅಂಶ ಮಾತ್ರವೆಂದೂ ಕ್ಷೇಮದ ಪ್ರಶ್ನೆಯನ್ನು ಇಲ್ಲಿನ ಕೋರ್ಟು ತಾನೇ ನೋಡಬಹುದೆಂದೂ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ.

ರಾಜಿಯಿಂದ ಮುಗಿಯುವ ಪ್ರಕರಣಗಳಲ್ಲಿ ಮಗುವಿಗೆ ಪೆಟ್ಟು ಕಡಿಮೆ. ಬೆಂಗಳೂರಿನ ನ್ಯಾಯ ದೇಗುಲದಲ್ಲಿ 2007ರಿಂದ ನಡೆಯುತ್ತಿರುವ ಮಧ್ಯಸ್ಥಿಕೆ ಕೇಂದ್ರದಲ್ಲಿ ಇಂಥ ಕೌಟುಂಬಿಕ ವ್ಯಾಜ್ಯಗಳನ್ನು ಮಾತುಕತೆಯಿಂದ ಬಗೆಹರಿಸಲಾಗುತ್ತದೆ; ಹಳ್ಳಿಯ ಕಡೆ ಅದೇ ಕೆಲಸಕ್ಕೆ ಲೋಕ ಅದಾಲತ್ ಇದೆ. ಅಲ್ಲಿ ಆದ ಒಪ್ಪಂದಕ್ಕೆ ಕೋರ್ಟಿನ ತೀರ್ಪಿನ ಬಲವಿದೆ, ಛಾಪಾ ಕಾಗದಕ್ಕೆ ಆ ಬಲವಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಆಂಧ್ರದಲ್ಲಿ ನ್ಯಾಯಾಲಯದ ಆವರಣದಲ್ಲಿರುವ ಮಂಡಲ ಕಾನೂನು ಸೇವಾ ಸಮಿತಿಗೆ, ಕರ್ನಾಟಕದಲ್ಲಿ ತಾಲ್ಲೂಕು ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೆ ಸಾಕು.